ಮಗು ಬಿಡಲು ಹೋದ ಮನೆಯಲ್ಲಿ ಕೇಸರಿಬಾತು

ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರುತ್ತೇನೆ ಎಂದದ್ದೇ ತಡ, ನಮ್ಮ ವಠಾರದವರಿಗೆಲ್ಲ ನನ್ನ ಮಗಳ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಅದುವರೆಗೆ ಅವಳು ಯಾರ ಬಾಗಿಲ ಮುಂದೆ ಹೋದರೂ “ಎತ್ಕಳಮ್ಮ ನಿನ್ ಮಗೀನ, ಬಿಂದಿಗೇಲಿ ಕೈ ಆಡಿಸ್ತೈತೆ” ಎಂದು ಕೂಗುತ್ತಿದ್ದವರು ಇವರೇ. ಈಗ ಎದುರುಮನೆಯ ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಲು ಕುಡಿಯೋ ಕೂಸ್ನ ಬುಟ್ಟು ಹೋಗಾಕೆ ಹೆಂಗಮ್ಮ ಮನಸ್ ಬತ್ತದೆ ನಿಂಗೆ?” ಎಂದರು. ಹಾಲು ಕುಡಿಯುವ ಕೂಸು ಆ ಹೊತ್ತಿನಲ್ಲಿ ಮುನಿಯಮ್ಮನವರ ಬಕೆಟ್ಟಿನಲ್ಲಿ ತನ್ನ ಎರಡೂ ಚಪ್ಪಲಿ ತೊಳೆಯುತ್ತಿತ್ತು.

“ಹಂಗಾದ್ರೆ ನೀವೇ ನೋಡ್ಕಳ್ರಮ್ಮ” ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ. ನನ್ನ ಮಾತು ಗಂಟಲವರೆಗೆ ಬರುತ್ತದೆ, ಹೊರಗೆ ಜನ ಇರುವುದು ಕಂಡು ಹಿಂದಕ್ಕೆ ಹೋಗಿಬಿಡುತ್ತದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಬಿಡಬೇಡ ಎಂದು ಹೇಳಲು ಬಂದ ಮೇಷ್ಟ್ರ ಎದುರಿಗೂ ಹೀಗೇ ಆಗಿತ್ತು.

ನನ್ನ ಗಂಡ ರಂಗೇಶ ದಿನಾ ಬೆಳಿಗ್ಗೆ ಎದ್ದು ಶಾಮಿಯಾನ ಅಂಗಡಿಯ ಕೆಲಸಕ್ಕೆ ಹೋಗುತ್ತಾನೆ. ಹೆತ್ತ ಮಗಳನ್ನು ಬಿಟ್ಟು ಹೋಗಲು ಮನಸ್ಸು ಹೇಗೆ ಬರುತ್ತದೆ ಎಂದು ಅವನನ್ನು ಈ ಮಧುಗಿರಿಯಲ್ಲಿ ಒಬ್ಬರಾದರೂ ಕೇಳಿದ್ದಾರೆಯೇ?

ಸೋಮವಾರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಫ್ಯಾಕ್ಟರಿಯವರು ಹೇಳಿದ್ದರು. ಮಿಡಿಗೇಶಿಯಲ್ಲಿರುವ ಅತ್ತೆಗೆ ಫೋನು ಮಾಡಿದರೆ, “ಎಮ್ಮೆ ಕರು ಹಾಕೈತೆ. ಅದನ್ನ ಯಾರ ಕೈಗೆ ಕೊಟ್ಟು ಬರ್ಲಿ? ಎಲ್ಲರನ್ನೂ ನಂಬಕ್ಕಾಯ್ತದಾ?” ಎಂದರು. ಕರುವಿನ ವಿಷಯದಲ್ಲಿ ಅವರಿಗಿದ್ದ ಆ ವಿವೇಕ ಮಗುವಿನ ವಿಷಯದಲ್ಲಿ ಯಾರಿಗೂ ಇರಲಿಲ್ಲ.

ನನಗೆ ಜಾಗ ಗೊತ್ತಿತ್ತು. ಸಂತೆಗೆ ಹೋಗುವ ದಾರಿಯಲ್ಲಿ ಯಶೋಧರಾ ಎಂಬವರು ತಮ್ಮ ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುತ್ತಿದ್ದರು. ಮದುವೆಯಾಗದವರು, ತಾಯಿ ಓಬಳಮ್ಮನ ಜೊತೆ ಇರುವವರು. ಒಂದು ದಿನ ಅವರು ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿಕೊಂಡು ಹಸು ತೋರಿಸುತ್ತಿದ್ದಾಗ ಆಟೊ ಒಂದು ಜೋರಾಗಿ ಬಂತು. ಮೊದಲು ಮಕ್ಕಳನ್ನೆಲ್ಲ ಬಾಚಿ ಗೋಡೆಯ ಕಡೆಗೆ ಎಳೆದುಕೊಂಡರು, ಆಮೇಲೆ ತಲೆಯೆತ್ತಿ ಆಟೊದವನನ್ನು ಬೈದರು. ಮೊದಲು ಬೈದು ಆಮೇಲೆ ಎಳೆದುಕೊಳ್ಳುವವರೇ ಹೆಚ್ಚು. ನನಗೆ ಅಷ್ಟು ಸಾಕಾಗಿತ್ತು. ಉಳಿದದ್ದು ಒಂದೇ ಅನುಮಾನ. ಅವರ ಅಂಗಳದಲ್ಲಿ ನೀರಿನ ಸಂಪು ಇತ್ತು. ಅದಕ್ಕೆ ಮುಚ್ಚಳ ಇದೆಯೋ ಇಲ್ಲವೋ ಗೇಟಿನಿಂದ ಕಾಣುತ್ತಿರಲಿಲ್ಲ. ನೀರು ಕಂಡಲ್ಲಿ ಬಗ್ಗುವ ಮಗಳನ್ನು ಹೆತ್ತವಳಿಗೆ ಬೇರೆ ಪ್ರಶ್ನೆ ಯಾಕೆ ಬೇಕು? ಹೋಗಿ ಗೇಟು ತಟ್ಟಿ ಕೇಳಿದ್ದರೆ ಮುಗಿಯುತ್ತಿತ್ತು.

ಆದರೆ ರಂಗೇಶ ಅಷ್ಟರಲ್ಲಿ ಫೋನಿನಲ್ಲಿ ಒಂದು ವಿಡಿಯೋ ನೋಡಿಬಿಟ್ಟಿದ್ದ. ಕೋಟು ಹಾಕಿದ ಒಬ್ಬ ಮನುಷ್ಯ ‘ನಿಮ್ಮ ಮಗುವನ್ನು ಯಾರ ಕೈಗೆ ಕೊಡುತ್ತಿದ್ದೀರಿ?’ ಎಂದು ಹೆದರಿಸಿ, ನಡುವೆ ಹಲ್ಲುಪುಡಿಯ ಜಾಹೀರಾತು ತೋರಿಸಿ, ಮತ್ತೆ ಬಂದು ಹೆದರಿಸುತ್ತಿದ್ದ.

“ನೋಡ್ ಸುನಿತಾ,” ಎಂದ ರಂಗೇಶ, “ನೇರ ಹೋಗಿ ಕೇಳಿದ್ರೆ ಯಾರೂ ನಿಜ ಹೇಳಲ್ಲ. ಮಗು ಬುಡಾಕೆ ಬಂದಿದೀವಿ ಅಂತ ಬಾಯೇ ಬುಡಬಾರದು. ಮೊದ್ಲು ಅಕ್ಕಪಕ್ಕದಾಗೆ ಗುಟ್ಟಾಗಿ ವಿಚಾರಿಸ್ಬೇಕು. ನಿಂಗಿದೆಲ್ಲ ಗೊತ್ತಾಗಲ್ಲ. ಕ್ವಾಲಿಟಿ ನೋಡಿ ಅಭ್ಯಾಸ ಇರೋರು ನೋಡ್ಬೇಕು.”

ಅವನಿಗೆ ಅಭ್ಯಾಸ ಇತ್ತು. ಶಾಮಿಯಾನ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಇದು ಮುರಿಯುತ್ತದೆ ಇದು ತಡೆಯುತ್ತದೆ ಎಂದು ಬೇರೆ ಮಾಡುವುದು ಅವನ ಕೆಲಸ. ನನ್ನನ್ನು ನೋಡಲು ಬಂದ ದಿನವೂ ನಮ್ಮ ಮನೆಯ ಬಾಗಿಲನ್ನು ಬಡಿದು ನೋಡಿದ್ದ.

ಹೀಗೆ ಶುಕ್ರವಾರ ಸಂಜೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನನ್ನನ್ನೂ ಮಗಳು ರಕ್ಷಾಳನ್ನೂ ಟಿವಿಎಸ್ ಗಾಡಿಯಲ್ಲಿ ಕೂರಿಸಿಕೊಂಡು, ಗುಟ್ಟಾಗಿ ವಿಚಾರಿಸಲು ಹೊರಟ. ಯಶೋಧರಾ ಅವರ ಬೀದಿಯ ತಿರುವಿನಲ್ಲಿ ಅಡವಯ್ಯನ ಟೀ ಹೋಟ್ಲು. ರಂಗೇಶ ಬೆಂಚಿನ ಮೇಲೆ ಕೂತು, ಬೆಂಚನ್ನು ಒಮ್ಮೆ ಬಡಿದು ನೋಡಿ, ಸುತ್ತ ನೋಡಿ, ದನಿ ತಗ್ಗಿಸಿದ.

“ಅಣ್ಣ, ಆ ಹಸಿರು ಗೇಟಿನ ಮನೆ ಯಶೋಧರಾ ಅನ್ನೋರು... ಹೆಂಗೆ ಜನ?”

ಅಡವಯ್ಯ ಟೀ ಸೋಸುವುದನ್ನು ನಿಲ್ಲಿಸಿದ. ರಂಗೇಶನ ಬಿಳಿ ಅಂಗಿ ನೋಡಿದ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ನನ್ನನ್ನು ನೋಡಿದ. ಅವನ ಮುಖ ದೀಪ ಹಚ್ಚಿದ ಹಾಗಾಯಿತು.

“ಯಾಕ್ ಸ್ವಾಮಿ?”

“ಅದೆಲ್ಲ ಈಗ್ಲೇ ಹೇಳಂಗಿಲ್ಲ. ಎಲ್ಲ ಕೂಡಿ ಬಂದ್ರೆ ಗೊತ್ತಾಯ್ತದೆ.”

“ಆಯ್ತು ಬುಡಿ, ಅರ್ಥ ಆಯ್ತು” ಎಂದು ಅಡವಯ್ಯ ಕೈ ಒರೆಸಿಕೊಂಡು ಎದುರಿಗೇ ಬಂದು ಕೂತ. “ಬಂಗಾರ ಸ್ವಾಮಿ, ಬಂಗಾರದಂಥಾ ಹೆಣ್ಮಗಳು.”

“ಕೋಪಗೀಪ?”

“ಕೋಪಾನಾ? ಆ ಮನೇಲಿ ಕುಕ್ಕರ್ ಕೂಗೋದು ಬುಟ್ರೆ ಬೇರೆ ಸದ್ದೇ ಕೇಳ್ಸಕಿಲ್ಲ!”

ಅವರು ಆಟೊದವನನ್ನು ಬೈದದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತ್ತು.

“ಕೈ ಮಾಡೋ ಅಭ್ಯಾಸ?”

“ಸೊಳ್ಳೆ ಕೂತ್ರೂ ಹೊಡಿಯಕಿಲ್ಲ, ಊದಿ ಕಳಿಸ್ತಾಳೆ.”

“ಅಡುಗೆ? ಚೊಕ್ಕಟ?”

“ಚೊಕ್ಕಟ ಅಂದ್ರೆ ಸ್ವಾಮಿ, ಪೊರಕೇನೂ ತೊಳೆದಿಡ್ತಾಳೆ! ಇನ್ನ ನೀರಿಗಂತೂ ಬರವೇ ಇಲ್ಲ. ಅಂಗಳದಾಗೇ ಸಂಪು. ಆನೆ ಇಳುದ್ರೆ ಆನೆ ಮುಳುಗ್ತದೆ, ಅಷ್ಟು ಆಳ!”

“ಭೇಷ್!” ಎಂದ ರಂಗೇಶ.

“ಮುಚ್ಚಳ ಐತಾ?” ಎಂದೆ. ಅಂದದ್ದು ನನಗೂ, ನನ್ನ ತೊಡೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದ ರಕ್ಷಾಳಿಗೂ ಮಾತ್ರ ಕೇಳಿಸಿತು.

ಇಲ್ಲಿ ಓದುವವರಿಗೆ ಒಂದು ಮಾತು. ಬಿಳಿ ಅಂಗಿ ಹಾಕಿದ ಗಂಡಸು ಹೆಂಡತಿಯನ್ನು ಕರೆದುಕೊಂಡು ಬಂದು, ಕಾರಣ ಹೇಳದೆ, ಮದುವೆಯಾಗದ ಹೆಣ್ಣೊಬ್ಬಳ ಗುಣ, ಅಡುಗೆ, ಮನೆತನ ವಿಚಾರಿಸಿದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ತಮ್ಮನಿಗೋ ಬಾವಮೈದನಿಗೋ ಸಂಬಂಧ ನೋಡುತ್ತಿದ್ದಾರೆ. ಸಂಬಂಧ ವಿಚಾರಿಸಲು ಬಂದವರ ಹತ್ತಿರ ಕೆಟ್ಟ ಮಾತು ಹೇಳಿ ಹೆಣ್ಣಿನ ಬಾಳು ತಪ್ಪಿಸಿದ ಪಾಪ ಕಟ್ಟಿಕೊಳ್ಳಲು ಯಾರೂ ತಯಾರಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ‘ಒಳ್ಳೆ ಬೆಳಕಿರೋ ಮನೆ’ ಎಂದೇ ಹೇಳುತ್ತಾರೆ. ಈ ಭೂಮಿಯ ಮೇಲೆ ನಿಜ ತಿಳಿಯಲು ಸಾಧ್ಯವೇ ಇಲ್ಲದ ಒಂದು ದಾರಿ ಇದ್ದರೆ ಅದು ಇದು. ನನ್ನ ಗಂಡ ಅದನ್ನೇ ಹುಡುಕಿ ಹಿಡಿದಿದ್ದ. ಆವತ್ತು ಇದು ನನಗೂ ಹೊಳೆಯಲಿಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ.

ಅಡವಯ್ಯ ಟೀಗೆ ಕಾಸು ತೆಗೆದುಕೊಳ್ಳಲಿಲ್ಲ, ರಂಗೇಶ ಕೆಲಸ ಮಾಡುವುದು ಎಲ್ಲಿ ಎಂದು ಮಾತ್ರ ಕೇಳಿಕೊಂಡ. ಶನಿವಾರ ಶಾಮಿಯಾನ ಅಂಗಡಿಗೇ ಬಂದು, “ಭಾನುವಾರ ಒಳ್ಳೆ ದಿನ. ಬಂದು ಮನೆ ಮಠ ನೋಡ್ಕಂಡು ಹೋಗ್ಬೇಕಂತೆ” ಎಂದು ಹೇಳಿಹೋದ. ರಂಗೇಶ ಹಿಗ್ಗಿಹೋದ.

“ನೋಡ್ದಾ? ಸರಿಯಾಗಿ ವಿಚಾರಿಸೋ ತಂದೆತಾಯಿ ಅಂದ್ರೆ ಅವರಿಗೂ ಒಂದು ಗೌರವ!”

ಭಾನುವಾರ ಹಸಿರು ಗೇಟಿನ ಮುಂದೆ ದೊಡ್ಡ ರಂಗೋಲಿ ಇತ್ತು. ಬಾಗಿಲಿಗೆ ಮಾವಿನ ತೋರಣ. ಬೀದಿಯ ಹೆಂಗಸರೆಲ್ಲ ಏನೋ ಕೆಲಸವಿದ್ದವರ ಹಾಗೆ ಅವರವರ ಹೊಸ್ತಿಲ ಮೇಲೆ ನಿಂತಿದ್ದರು. ಒಳಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ. ಬೇಬಿ ಸಿಟ್ಟಿಂಗಿಗೆ ಇಷ್ಟೊಂದು ಉಪಚಾರವೇ ಎಂದು ನನಗೆ ಅನ್ನಿಸಿತು. ಒಂದು ಮಗುವೂ ಕಾಣಲಿಲ್ಲ. ಭಾನುವಾರ ರಜೆ ಇರಬಹುದು ಎಂದುಕೊಂಡೆ.

ಓಬಳಮ್ಮನ ತಮ್ಮ ಚಿಕ್ಕನರಸಯ್ಯ ಪಾವಗಡದಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ದೊಡ್ಡ ಮೀಸೆ, ಹೆಗಲ ಮೇಲೆ ಹೊಸ ಟವೆಲ್ಲು, ಅರ್ಧ ತೆಲುಗು ಬೆರೆತ ಮಾತು. “ರಾ ಅಪ್ಪಾ ರಾ, ಬನ್ನಿ! ಮೊದ್ಲು ಹೊರಗೆಲ್ಲ ನೋಡ್ಕಳ್ರಿ. ನಮ್ದೇನೂ ಮುಚ್ಚುಮರೆ ಇಲ್ಲ” ಎಂದು ಅಂಗಳ ತೋರಿಸಲು ನಿಂತರು. ರಂಗೇಶ ಗೋಡೆ ಬಡಿದ. ತೊಳೆಯುವ ಕಲ್ಲು ಬಡಿದ. ತೆಂಗಿನ ಮರವನ್ನೂ ಬಡಿದ.

ಮೂಲೆಯಲ್ಲಿ ಸಂಪು ಇತ್ತು. ಅದರ ಮೇಲೆ ಕಡಪಾ ಕಲ್ಲಿನ ದಪ್ಪ ಮುಚ್ಚಳ, ಮುಚ್ಚಳದ ಮೇಲೆ ಒಂದು ರುಬ್ಬುವ ಕಲ್ಲು. ಇನ್ನು ನೋಡುವುದೇನೂ ಇರಲಿಲ್ಲ. ನನ್ನ ಕಡೆಯಿಂದ ಪರೀಕ್ಷೆ ಮುಗಿದಿತ್ತು.

“ಆಳ ಎಷ್ಟು ಐತೆ?” ಎಂದ ರಂಗೇಶ.

“ಅಯ್ಯೋ, ನೋಡೇಬುಡಪ್ಪಾ! ಆ ಕಡೆ ಹಿಡ್ಕ!” ಎಂದರು ಚಿಕ್ಕನರಸಯ್ಯ. ಇಬ್ಬರೂ ಸೇರಿ ರುಬ್ಬುವ ಕಲ್ಲು ಇಳಿಸಿದರು. ಮುಚ್ಚಳ ಸರಿಸಿದರು. ರಂಗೇಶ ಮೊಣಕಾಲೂರಿ ಸಂಪಿನೊಳಗೆ ತಲೆ ಹಾಕಿ “ಓ” ಎಂದು ಕೂಗಿದ. ಸಂಪು “ಓ” ಎಂದಿತು. ಇಬ್ಬರಿಗೂ ಬಹಳ ಸಂತೋಷವಾಯಿತು. ಕೈ ಕೊಡವಿಕೊಂಡು, ಮಳೆಯ ವಿಷಯ ಮಾತಾಡುತ್ತ ಒಳಗೆ ನಡೆದರು.

ಮುಚ್ಚಳ ಪಕ್ಕದಲ್ಲೇ ಬಿದ್ದಿತ್ತು.

“ಮುಚ್ಚಿಬುಡಿ” ಎಂದೆ. ಅವರ ಬೆನ್ನು ಕೇಳಿಸಿಕೊಳ್ಳಲಿಲ್ಲ. ನಾನೇ ಎಳೆಯಲು ನೋಡಿದೆ, ಕಲ್ಲು ಅಲುಗಲಿಲ್ಲ. ರಕ್ಷಾ ನನ್ನ ಕಂಕುಳಿಂದಲೇ ನೀರಿನ ಕಡೆಗೆ ಎರಡೂ ಕೈ ಚಾಚಿದಳು. ಅವಳನ್ನು ಬಿಗಿಯಾಗಿ ಅವುಚಿಕೊಂಡು ಒಳಗೆ ಹೋದೆ.

ನಡುಮನೆಯಲ್ಲಿ ಜಮಖಾನ, ಊದುಬತ್ತಿ, ತಟ್ಟೆಯಲ್ಲಿ ಬಾಳೆಹಣ್ಣು. ಚಿಕ್ಕನರಸಯ್ಯ ಬಾಗಿಲ ಕಡೆ ನೋಡಿ ನೋಡಿ, “ಇನ್ನ ಯಾರು ಬರ್ಬೇಕಪ್ಪಾ?” ಎಂದರು.

“ಇನ್ಯಾರು?” ಎಂದ ರಂಗೇಶ ಎದೆಯುಬ್ಬಿಸಿ. “ನೋಡೋದೂ ನಾನೇ, ಒಪ್ಪೋದೂ ನಾನೇ. ನಂದೇ ಕೊನೆ ಮಾತು. ಇವ್ಳು ಸುಮ್ಕೆ ಜೊತೆಗ್ ಬಂದವ್ಳೆ.”

ಚಿಕ್ಕನರಸಯ್ಯನವರ ಮೀಸೆ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಕಿಟಕಿಯ ಆಚೆ ಬಂದು ನಿಂತಿದ್ದ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಬಳಮ್ಮ ನನ್ನ ಕೈ ಹಿಡಿದು, “ಒಳಗೆ ಬಾರವ್ವ, ಕುಂಕುಮ ತಗಳುವಂತೆ” ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಹಿಂದೆಯೇ ಕಿಟಕಿಯವರೂ ಅಂಗಳಕ್ಕೆ ತೆರೆಯುವ ಪಕ್ಕದ ಬಾಗಿಲಿನಿಂದ ಒಳಗೆ ಬಂದರು. ದಪ್ಪಗಿನ ಒಬ್ಬಾಕೆ “ಕೊಡು ಕೂಸ್ನ, ನಾನ್ ಎತ್ಕಂತೀನಿ” ಎಂದು ರಕ್ಷಾಳನ್ನು ತೆಗೆದುಕೊಂಡರು.

“ಒಬ್ಳೇ ಮಗಳಾ ತಾಯಿ?” ಎಂದರು ಓಬಳಮ್ಮ.

“ಹೂಂ.”

“ಗಂಡು ಮಗ ಇಲ್ಲ.”

“ಇಲ್ಲ.”

ಎಲ್ಲರೂ ‘ಅದೇ ನೋಡು’ ಎನ್ನುವ ಹಾಗೆ ತಲೆಯಾಡಿಸಿದರು. ಅಡುಗೆಮನೆಯಲ್ಲಿ ಯಾಕೆ ಇಷ್ಟು ಮರುಕ ತುಂಬಿದೆ ಎಂದು ನನಗೆ ತಿಳಿಯಲಿಲ್ಲ.

“ನಿಂಗೆ ಇದು ಒಪ್ಗೇನಾ? ಯಾರೂ ಬಲವಂತ ಮಾಡಿಲ್ಲ ತಾನೆ?”

ಬೇಬಿ ಸಿಟ್ಟಿಂಗಿನವರು ತಾಯಿಯ ಮನಸ್ಸನ್ನೂ ಕೇಳುತ್ತಾರಲ್ಲ ಎಂದು ನನಗೆ ಗೌರವವೇ ಬಂತು. ಕಷ್ಟಪಟ್ಟು ಬಾಯಿ ತೆರೆದೆ. “ಇಲ್ಲಮ್ಮ. ಯಶೋಧರಕ್ಕನ್ನ ಮೊದ್ಲು ನೋಡಿದ್ದೇ ನಾನು. ಅವರೇ ಆಗ್ಲಿ ಅಂತ ನಾನೇ ಹೇಳ್ದೆ. ನಾನು ಕೆಲ್ಸಕ್ಕೆ ಹೋದ್ರೆ ಮನೆ ಕೂಸ್ನ ನೋಡ್ಕಳ್ಳಾಕೆ ಯಾರಾದ್ರೂ ಬೇಕಲ್ಲ.”

ಓಬಳಮ್ಮ ನನ್ನ ಕೈ ಬಿಟ್ಟರು.

“ಏನಂದೇ?” ಎಂದರು ದಪ್ಪಗಿನಾಕೆ, ರಕ್ಷಾಳನ್ನು ಕೆಳಗಿಳಿಸಿ, ಎರಡೂ ಕೈ ಎದೆಯ ಮೇಲಿಟ್ಟುಕೊಂಡು. “ಕಟ್ಕಂಡ ಗಂಡಂಗೆ ನೀನೇ ಇನ್ನೊಂದು ಹೆಣ್ಣು ನೋಡ್ದಾ? ಅದೂ ಮನೆಗೆ ಆಳು ಬೇಕು ಅಂತ? ಅಯ್ಯಯ್ಯೋ, ಬಾಯಿಲ್ದೋಳ್ನ ಏನ್ ಮಾಡಿಟ್ಟವ್ನೆ ನೋಡ್ರೇ ಆ ಬಿಳಿ ಅಂಗಿಯೋನು!”

ಇಷ್ಟು ಹೊತ್ತಿನ ರಂಗೋಲಿ, ತೋರಣ, ಕೇಸರಿಬಾತು ಎಲ್ಲವೂ ಒಟ್ಟಿಗೆ ನನ್ನ ತಲೆಯೊಳಗೆ ಬಂದು ಕೂತವು. ಅಲ್ಲ ಎನ್ನಬೇಕು. ಮಾತು ಗಂಟಲಿಗೆ ಬಂತು, ಜನ ನೋಡಿತು, ನಿಂತಿತು. ಅಷ್ಟರಲ್ಲಿ ಸುದ್ದಿ ನಡುಮನೆಗೆ ತಲುಪಿತ್ತು.

ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದೆ. ನಡುಮನೆಯಲ್ಲಿ ರಂಗೇಶ ವಿಡಿಯೋದ ಪ್ರಶ್ನೆಗಳನ್ನು ಶುರು ಮಾಡಿದ್ದ. ಯಶೋಧರಾ ರೇಷ್ಮೆ ಸೀರೆಯಲ್ಲಿ, ಕಾಫಿ ಲೋಟಗಳ ತಟ್ಟೆ ಹಿಡಿದು, ಈ ಸಂಬಂಧ ನನಗೆ ಬೇಡ ಎಂದು ಮುಖದ ತುಂಬ ಬರೆದುಕೊಂಡು ನಿಂತಿದ್ದರು.

“ಕಣ್ಣು ಚೆನ್ನಾಗ್ ಕಾಣ್ತದಾ? ಫಿಟ್ಸು ಗಿಟ್ಸು? ಒಂದ್ಸಲ ಆ ಬಾಗ್ಲವರ್ಗೂ ಓಡಿ ತೋರ್ಸಿ. ಬೆಂಕಿಗಿಂಕಿ ಬಿದ್ರೆ ಎಷ್ಟು ಬೇಗ ಓಡ್ತೀರಾ ಗೊತ್ತಾಗ್ಬೇಕು.”

“ಏಮ್ ಮಾಟ್ಲಾಡ್ತಾವ್ರಾ ನುವ್ವು!” ಚಿಕ್ಕನರಸಯ್ಯ ಟವೆಲ್ಲು ಕೊಡವಿ ಎದ್ದರು. “ಕಟ್ಕಂಡ ಪೆಳ್ಳಾನ ಜೊತೆಗೇ ಕರ್ಕಂಡು ಇನ್ನೊಂದು ಪೆಂಡ್ಲಿಗೆ ಬಂದಿಯಲ್ಲೋ! ನಮ್ಮ ಹುಡುಗೀನ ಓಡ್ಸಿ ನೋಡ್ತೀಯಾ? ಇದೇನು ಹೋರಿ ಸಂತೆಯಾ?”

“ಪೆಂಡ್ಲಿ?” ಎಂದ ರಂಗೇಶ. “ಯಾರದ್ದು?”

“ನಿಂದೇ ಕಣೋ!”

“ನಂದು ಆಗೈತಲ್ಲ!”

“ಅದನ್ನೇ ಕಣೋ ನಾನೂ ಹೇಳ್ತಿರೋದು!”

ಅಡವಯ್ಯ ಬಾಗಿಲಲ್ಲಿ ಪ್ರತ್ಯಕ್ಷನಾಗಿ, “ಇವ್ನು ಸರಿ ಇಲ್ಲ ಅಂತ ನಂಗೆ ಮೊದ್ಲೇ ಅನ್ಸಿತ್ತು, ಬೆಂಚು ಬಡಿದು ನೋಡ್ತಿದ್ದ” ಎಂದು ಸಾಕ್ಷಿ ಹೇಳಿದ. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ರಂಗೇಶನ ಗುಣ, ನನ್ನ ಗತಿ, ಓಬಳಮ್ಮನ ಮರ್ಯಾದೆ, ಎರಡು ಮದುವೆಯ ಕಾನೂನು. ಆ ಮನೆಯಲ್ಲಿ ಮಾತಾಡದ ವಿಷಯ ಒಂದೇ ಇತ್ತು.

ನಾನು ಕೆಳಗೆ ನೋಡಿದೆ. ದಪ್ಪಗಿನಾಕೆಯ ಕಾಲ ಹತ್ತಿರ ರಕ್ಷಾ ಇರಲಿಲ್ಲ. ಅಂಗಳದ ಕಡೆಯ ಬಾಗಿಲು ತೆರೆದಿತ್ತು. ಆಚೆ ಬಿಸಿಲಲ್ಲಿ ಅವಳ ಕೆಂಪು ಫ್ರಾಕು ತೂರಾಡುತ್ತ ಮೂಲೆಯ ಕಡೆಗೆ ಹೋಗುತ್ತಿತ್ತು.

“ಸಂಪು!” ಎಂದು ಕಿರುಚಿದೆ. “ಮುಚ್ಚಳ ತೆಗೆದವ್ರೆ! ಮಗು!”

ಅದು ನನ್ನ ದನಿಯೇ ಎಂದು ನನಗೆ ಗೊತ್ತಾಗಲಿಲ್ಲ. ಎಲ್ಲರೂ ಬಾಯಿ ತೆರೆದವರು ತೆರೆದ ಹಾಗೇ ನಿಂತರು. ಒಬ್ಬರು ಮಾತ್ರ ನಿಲ್ಲಲಿಲ್ಲ. ಕಾಫಿ ತಟ್ಟೆ ರಂಗೇಶನ ಬಿಳಿ ಅಂಗಿಯ ಮೇಲೆ ಬಿತ್ತು. ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿಕೊಂಡು ಯಶೋಧರಾ ನನ್ನನ್ನೂ ದಾಟಿ ಓಡಿದರು. ನಾನು ಆ ಹೊಸ್ತಿಲು ದಾಟುವಷ್ಟರಲ್ಲಿ ಅವರು ಸಂಪಿನ ಅಂಚಿನಲ್ಲಿ ಬಗ್ಗಿದ್ದ ಫ್ರಾಕನ್ನು ಹಿಡಿದು ಹಿಂದಕ್ಕೆ ಎಳೆದು, ಮಗುವನ್ನು ಎದೆಗೊತ್ತಿಕೊಂಡಾಗಿತ್ತು. ರಕ್ಷಾಳ ಒಂದು ಚಪ್ಪಲಿ ನೀರಿನ ಮೇಲೆ ತೇಲುತ್ತಿತ್ತು.

ಮಗುವನ್ನು ನನ್ನ ಕೈಗೆ ಕೊಟ್ಟು, ಅದು ಅತ್ತು ಸಮಾಧಾನವಾಗುವವರೆಗೆ ಕಾದು, ಆಮೇಲೆ ಯಶೋಧರಾ ತಿರುಗಿದರು. ಮೊದಲು ಎಳೆದುಕೊಳ್ಳುವುದು, ಆಮೇಲೆ ಬೈಯುವುದು. ಅವರ ಕ್ರಮ ಅದೇ.

“ಯಾರು ತೆಗೆದಿದ್ದು ಮುಚ್ಚಳಾನ?”

ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ಚಿಕ್ಕನರಸಯ್ಯ ಮೀಸೆಯನ್ನು ಟವೆಲ್ಲಿನಿಂದ ಮುಚ್ಚಿಕೊಂಡರು. ರಂಗೇಶ ಕಾಫಿ ಸುರಿಯುತ್ತಿದ್ದ ಅಂಗಿಯಲ್ಲಿ ನಿಂತು, “ಸೇಫ್ಟಿ ಚೆಕ್ ಮಾಡ್ತಿದ್ದೆ...” ಎಂದ.

ಆಗ ನಾನು ಮಾತಾಡಿದೆ. ಒಮ್ಮೆ ಹೊರಗೆ ಬಂದ ದನಿ ಒಳಗೆ ಹೋಗುವ ದಾರಿ ಮರೆತಿತ್ತು. ನಾವು ಬಂದದ್ದು ಮಗುವನ್ನು ಹಗಲು ಹೊತ್ತು ಬಿಡಲು ಜಾಗ ನೋಡುವುದಕ್ಕೆ, ಇಡೀ ಮೂರು ದಿನದಲ್ಲಿ ಇಷ್ಟು ಜನರಲ್ಲಿ ಒಬ್ಬರೂ ಮಗುವಿನ ಬಗ್ಗೆ ಒಂದು ಮಾತು ಕೇಳಲಿಲ್ಲ, ಎರಡು ವರ್ಷವೂ ತುಂಬದ ಜೀವ ಕಣ್ಣೆದುರಿಗಿದ್ದರೂ ನಿಮಗೆಲ್ಲ ಕಂಡದ್ದು ಬರೀ ಮದುವೆ ಎಂದೆಲ್ಲ ಹೇಳಿದೆ.

ಯಶೋಧರಾ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಗು ಬಂದು ಹೋಯಿತು. ಮದುವೆಯಿಂದ ಪಾರಾದ ಸಂತೋಷವೂ ಇದ್ದಿರಬಹುದು.

“ಮಗು ಬುಡಾಕೆ ಬಂದಿದ್ರೆ ಗೇಟು ತಟ್ಟೋದಲ್ವೇನಮ್ಮ? ಸರಿ. ನಿಮ್ ಪರೀಕ್ಷೆ ಆಯ್ತು. ಈಗ ನಂದು. ನಾಳೆ ಇಂಥಾ ಮನೆ ಮಗೀಗೆ ನಾನು ಜವಾಬ್ದಾರಿ ಆಗ್ಬೇಕಲ್ಲ? ನಿಮ್ಮನೆ ನೀರಿನ ಡ್ರಮ್ಮಿಗೆ ಮುಚ್ಚಳ ಐತಾ?”

“ಐತೆ!” ಎಂದ ರಂಗೇಶ.

“ಇಲ್ಲ,” ಎಂದೆ ನಾನು. “ಅದನ್ನ ಇವರು ಶಾಮಿಯಾನ ಅಂಗಡಿಗೆ ಒಯ್ದು ಅನ್ನದ ಹಂಡೆಗೆ ಮುಚ್ಚವ್ರೆ.”

ಆ ಸಂಜೆಯೇ ಯಶೋಧರಾ ನಮ್ಮ ವಠಾರಕ್ಕೆ ಬಂದರು. ಯಾವ ಗುಟ್ಟೂ ಇಲ್ಲದೆ, ಎಲ್ಲರಿಗೂ ಕೇಳಿಸುವ ಹಾಗೆ, “ಇವರ ಮಗೂನ ನೋಡ್ಕಳ್ಳಬೇಕು. ಹೆಂಗೆ ಜನ?” ಎಂದರು. ಮದುವೆಯ ಮಾತಲ್ಲ, ಮುರಿದರೆ ಪಾಪವೂ ಇಲ್ಲ. ಮುನಿಯಮ್ಮ ಕಾಲು ಚಾಚಿ ಕೂತು ಶುರು ಮಾಡಿದರು. ರಂಗೇಶ ಗ್ಯಾಸ್ ಆಫ್ ಮಾಡುವುದು ಮರೆತದ್ದು, ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡದ್ದು, ಮಗುವನ್ನು ಮಲಗಿಸುತ್ತೇನೆಂದು ತಾನೇ ಮಲಗಿದ್ದು, ಅಂಗಡಿಯ ಹೊಸ ಕುರ್ಚಿ ಬಡಿದು ಒಡೆದದ್ದು. ಪಕ್ಕದವರು ಬಂದು ಬಿಟ್ಟದ್ದನ್ನು ತುಂಬಿದರು. ನಿಜವೆಂಬುದು ಹೀಗೆ ಕೊಡ ಕೊಡವಾಗಿ ಸಿಗುತ್ತದೆಂದು ಕೋಟಿನ ಮನುಷ್ಯನಿಗೂ ಗೊತ್ತಿರಲಾರದು. ರಂಗೇಶ ಅಷ್ಟರಲ್ಲಿ ಅಂಗಡಿಗೆ ಓಡಿ ಡ್ರಮ್ಮಿನ ಮುಚ್ಚಳ ತಂದು, ಹಾಕಿ, ಬೇರೇನೂ ತೋಚದೆ ಅದನ್ನು ಟಕ್ ಟಕ್ ಬಡಿದ.

ಯಶೋಧರಾ ಎಲ್ಲ ಕೇಳಿಸಿಕೊಂಡು ಎದ್ದರು.

“ಮಗು ಪರವಾಗಿಲ್ಲ. ತಾಯೀನೂ ಪರವಾಗಿಲ್ಲ, ಹೊತ್ತಿಗೆ ಕೂಗ್ತಾಳೆ. ನಾಳೆ ಬೆಳಿಗ್ಗೆ ಕರ್ಕಂಬಾಮ್ಮ. ಇವ್ರು ಮಾತ್ರ ಗೇಟಿನಾಚೆ.”

ಸೋಮವಾರ ನಾನು ಕೆಲಸಕ್ಕೆ ಹೋದೆ. ಈಗಲೂ ದಿನಾ ಬೆಳಿಗ್ಗೆ ರಂಗೇಶ ಹಸಿರು ಗೇಟಿನಾಚೆ ಗಾಡಿ ನಿಲ್ಲಿಸಿ ನಿಂತಿರುತ್ತಾನೆ. ನಾನು ಒಳಗೆ ಹೋಗಿ ಮೊದಲು ಮೂಲೆಯ ಕಡೆ ನೋಡುತ್ತೇನೆ, ಮುಚ್ಚಳ, ಮುಚ್ಚಳದ ಮೇಲೆ ರುಬ್ಬುವ ಕಲ್ಲು, ಆಮೇಲೆ ರಕ್ಷಾಳನ್ನು ಬಿಟ್ಟು ಬರುತ್ತೇನೆ. ಶಾಮಿಯಾನ ಅಂಗಡಿಯಲ್ಲಿ ಅವನು ‘ಮೂರು ದಿನ ಪರೀಕ್ಷೆ ಮಾಡಿ ಆರಿಸಿದ ಜಾಗ’ ಎಂದು ಹೇಳಿಕೊಳ್ಳುತ್ತಾನಂತೆ.

ಆ ಬೀದಿಯ ಹೆಂಗಸರು ಮಾತ್ರ ಇನ್ನೂ ಪೂರ್ತಿ ನಂಬಿಲ್ಲ. ದಿನಾ ಬೆಳಿಗ್ಗೆ ಒಬ್ಬ ಗಂಡಸು ಹೆಂಡತಿಯನ್ನೂ ಮಗುವನ್ನೂ ಇನ್ನೊಬ್ಬಳ ಮನೆಗೆ ಕರೆತಂದು, ಗೇಟಿನಲ್ಲಿ ಸಪ್ಪಗೆ ನಿಲ್ಲುತ್ತಾನೆ. ಏನಾದರೂ ಇರಲೇಬೇಕು. ಮೊನ್ನೆ ಆ ದಪ್ಪಗಿನಾಕೆ ನನ್ನ ಕೈ ಹಿಡಿದು, “ಈಗ ಅವರಿಬ್ರೂ ಹೆಂಗವ್ರೆ ತಾಯಿ, ನಿನ್ ಗಂಡ, ಯಶೋಧರಾ?” ಎಂದು ಪಿಸುಗುಟ್ಟಿದರು.

ನಾನು ಪಿಸುಗುಟ್ಟಲಿಲ್ಲ.

“ಅದಿರ್ಲಿ,” ಎಂದೆ, ಅಡವಯ್ಯನ ಹೋಟ್ಲಿನವರೆಗೆ ಕೇಳಿಸುವ ಹಾಗೆ, “ಅವತ್ತು ನನ್ ಮಗೀನ ಎತ್ಕಂತೀನಿ ಅಂತ ಇಸ್ಕಂಡು ಕೆಳಗೆ ಯಾಕ್ರೀ ಬುಟ್ರಿ?”